ಏಳು ದಿನದ ಡಿಟಾಕ್ಸ್ ಕಿಟ್ ಅಮ್ಮನಿಗೆ ಕೊಡಿಸಬಹುದಾ?

ನಿಮ್ಮ ಪ್ರಶ್ನೆ ಓದಿದೆ. ನಿಮ್ಮ ಗೆಳತಿ ಏಳು ದಿನದ ಡಿಟಾಕ್ಸ್ (ಮೈಯೊಳಗಿನ ವಿಷ ತೆಗೆಯುತ್ತದೆ ಎಂದು ಮಾರುವ ಪಥ್ಯ) ಮಾಡಿ ಮೂರು ಕೆಜಿ ಇಳಿದರು, ಮೈ ಹಗುರ ಆಯ್ತು ಎಂದರು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವ ಅಮ್ಮನಿಗೂ ಅದೇ ಕಿಟ್ (ಜ್ಯೂಸ್ ಪುಡಿ, ಹರ್ಬಲ್ ಟೀ, ಪಾದಕ್ಕೆ ಅಂಟಿಸುವ ಪ್ಯಾಡ್) ಕೊಡಿಸಲಾ ಎಂದು ಕೇಳಿದ್ದೀರಿ. ದಯವಿಟ್ಟು ಕೊಡಿಸಬೇಡಿ.

ನಾನು ಡಯಾಲಿಸಿಸ್ ಟೆಕ್ನಿಷಿಯನ್. ರಕ್ತದಲ್ಲಿ ಸೇರಿದ ಕಸ ತೆಗೆಯುವುದೇ ನನ್ನ ಕೆಲಸ. ಕಿಡ್ನಿ ಕೈಕೊಟ್ಟವರಿಗೆ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಮಷಿನ್ ಹಾಕುತ್ತೇವೆ. ಒಬ್ಬರಿಗೆ ಒಂದು ಸಲಕ್ಕೆ ಮಷಿನ್‌ನಲ್ಲಿ 120 ಲೀಟರ್‌ನಷ್ಟು ಡಯಾಲಿಸಿಸ್ ದ್ರವ (ರಕ್ತದ ಕಸ ಎಳೆದುಕೊಳ್ಳುವ ನೀರು) ಹರಿಯುತ್ತದೆ. ಇಷ್ಟು ಮಾಡಿದರೂ ಆರೋಗ್ಯವಾಗಿರುವ ಕಿಡ್ನಿಯ ಕೆಲಸದಲ್ಲಿ ಒಂದು ಪಾಲು ಮಾತ್ರ ಆಗುತ್ತದೆ. ಚೆನ್ನಾಗಿರುವ ಎರಡು ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಬೇಕಾದದ್ದನ್ನೆಲ್ಲ ವಾಪಸ್ ರಕ್ತಕ್ಕೆ ಸೇರಿಸಿ, ಒಂದೂವರೆ ಲೀಟರ್‌ನಷ್ಟನ್ನು ಮಾತ್ರ ಹೊರಗೆ ಕಳಿಸುತ್ತವೆ. ಲಿವರ್ ಇನ್ನೊಂದು ಕಡೆ ಅಮೋನಿಯಾವನ್ನು ಯೂರಿಯಾ (ಮೂತ್ರದಲ್ಲಿ ಹೊರಹೋಗುವ ಕಸ) ಮಾಡುತ್ತದೆ, ನುಂಗಿದ ಮಾತ್ರೆಗಳನ್ನು ಒಡೆಯುತ್ತದೆ. ಇದೆಲ್ಲ ನಿಮ್ಮೊಳಗೆ ಈಗಲೂ ನಡೆಯುತ್ತಿದೆ.

ನಾವು ಡಯಾಲಿಸಿಸ್‌ಗೆ ಮೊದಲು ಎಷ್ಟು ಯೂರಿಯಾ ಇತ್ತು, ಆಮೇಲೆ ಎಷ್ಟಾಯಿತು ಎಂದು ಪರೀಕ್ಷೆ ಮಾಡಿ ನೋಡುತ್ತೇವೆ. ಕಿಟ್ ಮಾರುವವರನ್ನೂ ಅದನ್ನೇ ಕೇಳಿ. ಯಾವ ವಿಷ? ಮೊದಲು ಎಷ್ಟಿತ್ತು? ಈಗ ಎಷ್ಟಿದೆ? 2009ರಲ್ಲಿ ಬ್ರಿಟನ್‌ನ ಸೆನ್ಸ್ ಅಬೌಟ್ ಸೈನ್ಸ್ ಸಂಸ್ಥೆಯ ಜೊತೆಗಿದ್ದ ಯುವ ವಿಜ್ಞಾನಿಗಳು 15 ಡಿಟಾಕ್ಸ್ ಉತ್ಪನ್ನಗಳ ಬಗ್ಗೆ ಕಂಪನಿಗಳನ್ನು ವಿಚಾರಿಸಿದ್ದರು. ಡಿಟಾಕ್ಸ್ ಎಂದರೆ ಏನು ಎಂಬುದಕ್ಕೇ ಒಬ್ಬೊಬ್ಬರದು ಒಂದೊಂದು ಉತ್ತರ.

ಹಾಗಾದರೆ ಗೆಳತಿಯ ಮೂರು ಕೆಜಿ ಸುಳ್ಳಾ? ಅಲ್ಲ. ಊಟ ಕಡಿಮೆಯಾದಾಗ ದೇಹ ಮೊದಲು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಖರ್ಚು ಮಾಡುತ್ತದೆ. ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರೂ ಹೋಗುತ್ತದೆ. ಅನ್ನ, ಉಪ್ಪು ಶುರುವಾದ ಕೂಡಲೇ ತೂಕದ ಬಹುಪಾಲು ವಾಪಸ್ ಬರುತ್ತದೆ. ಇನ್ನು ಆ ಟೀ. ಇಂಥ ಎಷ್ಟೋ ಟೀಗಳಲ್ಲಿ ಸೋನಾಮುಖಿ ಎಲೆ ಇರುತ್ತದೆ, ಅದು ಭೇದಿ ಮಾಡಿಸುವ ಮದ್ದು. ನಮ್ಮ ಅಜ್ಜಿಯರು ಹರಳೆಣ್ಣೆ ಕುಡಿಸುತ್ತಿದ್ದರಲ್ಲ, ಅದೇ ಕೆಲಸ. ಹೊಟ್ಟೆ ಖಾಲಿಯಾಗುತ್ತದೆ, ರಕ್ತ ಶುದ್ಧವಾಗುವುದಿಲ್ಲ. ಪ್ಯಾಡ್ ಬೆಳಗ್ಗೆ ಕಪ್ಪಾಗುವುದು ಅದರೊಳಗಿನ ಪುಡಿಗೆ ಬೆವರಿನ ತೇವ ತಗಲಿ. ಹೊಸ ಪ್ಯಾಡ್ ಮೇಲೆ ನೀವೇ ನಾಲ್ಕು ಹನಿ ನೀರು ಹಾಕಿ ನೋಡಿ.

ಮೈ ಹಗುರ ಎನಿಸಿದ್ದು ನಿಜವೇ ಇರಬೇಕು. ಆ ಏಳು ದಿನ ಬೇಕರಿ ತಿಂಡಿ ಇಲ್ಲ, ಸಕ್ಕರೆ ಹಾಕಿದ ಟೀ ಇಲ್ಲ, ರಾತ್ರಿ ಹತ್ತರ ಊಟ ಇಲ್ಲ. ಅಷ್ಟನ್ನು ಕಿಟ್ ಇಲ್ಲದೆಯೂ ಮಾಡಬಹುದು, ಅಲ್ವಾ?

ದುಡ್ಡು ಹೋದರೆ ಹೋಗಲಿ ಎಂದು ಸುಮ್ನಿರಲು ನನಗೆ ಆಗುವುದಿಲ್ಲ, ಏಕೆಂದರೆ ಕೆಲವು ರಸಗಳು ಕಿಡ್ನಿಯನ್ನೇ ಕೆಡಿಸುತ್ತವೆ. ಕರಾವಳಿಯವರಿಗೆ ಬಿಂಬುಳಿ ಎಂಬ ಹುಳಿ ಕಾಯಿ ಗೊತ್ತು. ಸಾರಿಗೆ, ಉಪ್ಪಿನಕಾಯಿಗೆ ಹಾಕುತ್ತೇವೆ, ತೊಂದರೆ ಇಲ್ಲ. ಆದರೆ ಕೇರಳದಲ್ಲಿ ಕೊಲೆಸ್ಟ್ರಾಲ್ ಇಳಿಯಲಿ ಎಂದು ಅದರ ಗಟ್ಟಿ ರಸ ಕುಡಿದ 10 ಜನರ ಕಿಡ್ನಿ ಕೆಟ್ಟಿತು, ಅವರಲ್ಲಿ 7 ಜನರಿಗೆ ಡಯಾಲಿಸಿಸ್ ಬೇಕಾಯಿತು. ಇದು 2013ರಲ್ಲಿ ಇಂಡಿಯನ್ ಜರ್ನಲ್ ಆಫ್ ನೆಫ್ರಾಲಜಿಯಲ್ಲಿ ಪ್ರಕಟವಾಗಿದೆ. ಆ ರಸದಲ್ಲಿ ಆಕ್ಸಲೇಟ್ ಎಂಬ ವಸ್ತು ಜಾಸ್ತಿ, ಅದು ಹರಳಾಗಿ ಕಿಡ್ನಿಯೊಳಗೆ ಕೂರುತ್ತದೆ. ಪಾಲಕ್ ಸೊಪ್ಪಿನಲ್ಲೂ ಆಕ್ಸಲೇಟ್ ಇದೆ. ಪಲ್ಯ ಮಾಡಿ ತಿನ್ನುವುದು ಬೇರೆ, ದಿನಾ ಹಸಿಯಾಗಿ ರುಬ್ಬಿ ಲೋಟಗಟ್ಟಲೆ ಕುಡಿಯುವುದು ಬೇರೆ.

ಅಮ್ಮನ ವಿಷಯದಲ್ಲಿ ಎರಡು ಭಯ ಇದೆ. ಊಟ ಬಿಟ್ಟು ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿದರೆ ಸಕ್ಕರೆ ತೀರಾ ಕೆಳಗಿಳಿದು ಪ್ರಜ್ಞೆ ತಪ್ಪಬಹುದು. ಇನ್ನೊಂದು, ಸಕ್ಕರೆ ಕಾಯಿಲೆ ಇರುವವರ ಕಿಡ್ನಿ ಸದ್ದಿಲ್ಲದೆ ಸೊರಗಿರಬಹುದು. ಸೊರಗಿದ ಕಿಡ್ನಿ ಪೊಟ್ಯಾಸಿಯಂ ಅನ್ನು ಸರಿಯಾಗಿ ಹೊರಹಾಕಲಾರದು. ಆಗ ಹಣ್ಣಿನ ರಸ, ಎಳನೀರು ಹೆಚ್ಚಾದರೆ ಪೊಟ್ಯಾಸಿಯಂ ಏರಿ ಹೃದಯದ ಬಡಿತಕ್ಕೇ ತೊಂದರೆ.

ನಿಜವಾದ ವಿಷಕ್ಕೆ ನಿಜವಾದ ಚಿಕಿತ್ಸೆ ಇದೆ. ಮೆಥನಾಲ್ ಸೇರಿದ ಕಳ್ಳಬಟ್ಟಿ ಕುಡಿದವರನ್ನು ಡಯಾಲಿಸಿಸ್‌ಗೆ ತರುತ್ತಾರೆ. ಸೀಸ ಮೈಗೆ ಸೇರಿದವರಿಗೆ ಬೇರೆ ಔಷಧಿ ಇದೆ. ಅದೆಲ್ಲ ಆಸ್ಪತ್ರೆಯಲ್ಲಿ, ಪರೀಕ್ಷೆ ಮಾಡಿ ಕೊಡುವಂಥದ್ದು.

ಕಿಟ್‌ಗೆ ಇಟ್ಟ ದುಡ್ಡಿನಲ್ಲಿ ಅಮ್ಮನಿಗೆ ಕಿಡ್ನಿ ಹೇಗಿದೆ ಎಂದು ತಿಳಿಸುವ ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ಇವೆರಡನ್ನೂ ಮಾಡಿಸಲೇಬೇಕು. ಬಿಪಿಯನ್ನೂ ನೋಡಿಸಿ. ನನ್ನ ಹತ್ತಿರ ಬರುವವರಲ್ಲಿ ಸಕ್ಕರೆ ಕಾಯಿಲೆಯವರು, ಬಿಪಿಯವರು ತುಂಬಾ ಜನ. ಬೇಗ ಗೊತ್ತಾದರೆ ಕಿಡ್ನಿ ಕೆಡುವುದನ್ನು ವರ್ಷಗಟ್ಟಲೆ ಮುಂದೂಡುವ ಮಾತ್ರೆಗಳು ಇವೆ. ಅಕಸ್ಮಾತ್ ಅಮ್ಮ ಈಗಾಗಲೇ ಪುಡಿ ಕುಡಿಯಲು ಶುರು ಮಾಡಿದ್ದರೆ ಇವತ್ತೇ ನಿಲ್ಲಿಸಿ. ಡಬ್ಬಿಯ ಮೇಲೆ ಏನೇನು ಬರೆದಿದೆಯೋ ಅದರ ಫೋಟೋ ತೆಗೆದು ಡಾಕ್ಟರಿಗೆ ತೋರಿಸಿ.