ಎಲ್ಲರೂ ಹೆಚ್ಚು ಬರೆಯುವಾಗ ನಾನೊಬ್ಬ ಸರಿಯಾಗಿ ಬರೆದರೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ. ನೀವು ಮಾರಾಟ ವಿಭಾಗದಲ್ಲಿದ್ದೀರಿ, ಸ್ವಂತ ಬೈಕಿನಲ್ಲಿ ಅಂಗಡಿಯಿಂದ ಅಂಗಡಿಗೆ ಸುತ್ತುತ್ತೀರಿ, ಕಿಲೋಮೀಟರಿಗೆ ಇಷ್ಟೆಂದು ಕಂಪನಿ ಭತ್ಯೆ ಕೊಡುತ್ತದೆ. ಜೊತೆಯವರೆಲ್ಲ ದಿನಕ್ಕೆ ಹದಿನೈದು ಇಪ್ಪತ್ತು ಕಿಲೋಮೀಟರ್ ಹೆಚ್ಚು ಬರೆಯುತ್ತಾರೆ. ನೀವೊಬ್ಬರು ಇದ್ದದ್ದನ್ನು ಇದ್ದಂತೆ ಬರೆದರೆ ಉಳಿದವರ ಬಿಲ್ಲಿನ ಮೇಲೆ ಸಂಶಯ ಬರುತ್ತದೆಂದು ಹಿರಿಯರು ಹೇಳಿದ್ದರಿಂದ ಮೂರು ತಿಂಗಳಿಂದ ನೀವೂ ಹಾಗೆಯೇ ಬರೆಯುತ್ತಿದ್ದೀರಿ. ‘ಇಷ್ಟು ದೊಡ್ಡ ಕಂಪನಿಗೆ ಇದರಿಂದ ಏನೂ ಆಗುವುದಿಲ್ಲ, ಯಾರಿಗೂ ನಷ್ಟವಿಲ್ಲದ ಇಂಥದ್ದು ನಿಜವಾಗಿಯೂ ತಪ್ಪೇ, ತಪ್ಪಾದರೆ ಈಗ ಏನು ಮಾಡಲಿ?’ ಎಂದು ಕೇಳಿದ್ದೀರಿ. ನಡುವೆ ಇನ್ನೊಂದು ಸಾಲನ್ನೂ ಬರೆದಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ.

ಅಡಿಕೆ ಕದ್ದವನೂ ಕಳ್ಳ, ಆನೆ ಕದ್ದವನೂ ಕಳ್ಳ ಎಂಬ ಮಾತನ್ನು ನಾನು ನಿಮಗೆ ಹೇಳುವುದಿಲ್ಲ. ಅಡಿಕೆಯೂ ಆನೆಯೂ ಒಂದೇ ಅಲ್ಲವೆಂಬುದು ಎಲ್ಲರಿಗೂ ಗೊತ್ತಿದೆ, ನ್ಯಾಯಾಲಯಕ್ಕೂ ಗೊತ್ತಿದೆ. ಆದರೆ ‘ಯಾರಿಗೂ ನಷ್ಟವಿಲ್ಲ’ ಎಂಬ ನಿಮ್ಮ ಮಾತನ್ನು ಮಾತ್ರ ನಾನು ಒಪ್ಪಲಾರೆ. ಅದೇ ಮಾತನ್ನು ನಾನೂ ಹದಿನಾಲ್ಕು ತಿಂಗಳು ನಂಬಿದ್ದೆ. ಅದು ಹೇಗೆ ಸುಳ್ಳಾಯಿತೆಂಬುದನ್ನು ಹೇಳಿದರೆ ನಿಮಗೆ ಉಪಯೋಗವಾದೀತು.

1997ರಲ್ಲಿ, ಪಿಯುಸಿ ಮುಗಿಸಿದ ಮೇಲೆ, ಹಾಸನ ಜಿಲ್ಲೆಯ ನಮ್ಮ ಊರಿನ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಹಾಲು ಪರೀಕ್ಷಕನಾಗಿ ಸೇರಿದೆ. ಊರಿನವರ ಬಾಯಲ್ಲಿ ಅದು ಡೇರಿ, ನಾನು ಟೆಸ್ಟರ್. ಆಗ ನಮ್ಮಲ್ಲಿ ವಿದ್ಯುತ್ ತಕ್ಕಡಿ ಇರಲಿಲ್ಲ. ಒಂದು ಲೀಟರ್, ಅರ್ಧ ಲೀಟರ್, ನೂರು ಮಿಲಿ, ಐವತ್ತು ಮಿಲಿಯ ಅಳತೆಗಳಿಂದ ಅಳೆದು, ಲ್ಯಾಕ್ಟೋಮೀಟರಿನಿಂದ ಡಿಗ್ರಿ ನೋಡಿ, ಸ್ಯಾಂಪಲ್ ತೆಗೆದು, ಪುಸ್ತಕಕ್ಕೆ ಬರೆದು, ನಲವತ್ತು ಲೀಟರಿನ ಕ್ಯಾನಿಗೆ ಸುರಿಯುತ್ತಿದ್ದೆವು. ಹಸುವಿನ ಹಾಲಿನಲ್ಲಿ ಕೊಬ್ಬಿನಂಶ ಶೇ. 3.5 ಇದೆಯೇ, ಕೊಬ್ಬಲ್ಲದ ಘನಾಂಶ ಶೇ. 8.5 ಇದೆಯೇ ಎಂದು ನೋಡುವ ವಿಷಯದಲ್ಲಿ ನಮ್ಮ ಕಾರ್ಯದರ್ಶಿಗಳು ಬಹಳ ಕಟ್ಟುನಿಟ್ಟಿನ ಮನುಷ್ಯ. ಅಳತೆಯ ವಿಷಯದಲ್ಲಿ ಮಾತ್ರ ಮೊದಲ ದಿನವೇ ನನಗೊಂದು ಪಾಠ ಹೇಳಿಕೊಟ್ಟರು: ಕರೆದು ತಂದ ಹಾಲಿನಲ್ಲಿ ನೊರೆ ಇರುತ್ತದೆ, ಆದ್ದರಿಂದ ಪ್ರತಿಯೊಬ್ಬರ ಅಳತೆಯಲ್ಲೂ ಐವತ್ತು ಮಿಲಿ ಬಿಟ್ಟು ಬರೆಯಬೇಕು.

ಇದಕ್ಕೊಂದು ನಿಜವಾದ ಕಾರಣವೂ ಇತ್ತು, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ನಮ್ಮಲ್ಲಿ ಅಳೆದ ಹಾಲನ್ನು ಶೀತಲೀಕರಣ ಕೇಂದ್ರದಲ್ಲಿ ಮತ್ತೆ ಅಳೆಯುತ್ತಿದ್ದರು. ಕ್ಯಾನಿಗೆ ಅಂಟಿದ್ದು, ಲಾರಿಯ ಕುಲುಕಾಟದಲ್ಲಿ ಚೆಲ್ಲಿದ್ದು, ಸ್ಯಾಂಪಲಿಗೆ ತೆಗೆದದ್ದು ಎಲ್ಲ ಸೇರಿ ದಿನಕ್ಕೆ ಎರಡು ಮೂರು ಲೀಟರ್ ಕಡಿಮೆ ಬರುತ್ತಿತ್ತು, ಆ ಕೊರತೆಯನ್ನು ಸಂಘವೇ ತುಂಬಬೇಕಿತ್ತು. ಅಷ್ಟನ್ನು ಎಲ್ಲಿಂದ ತರುವುದು? ಹೀಗೆ ಶುರುವಾದದ್ದು ಅದು. ಆದರೆ ಹನಿಗೂಡಿದರೆ ಹಳ್ಳ. ನಮ್ಮಲ್ಲಿ ಹಾಲು ಹಾಕುತ್ತಿದ್ದವರು 110 ಜನ. ಬೆಳಿಗ್ಗೆ ಸಂಜೆ ಸೇರಿ 220 ಅಳತೆ, ಅಳತೆಗೆ 50 ಮಿಲಿಯಂತೆ ದಿನಕ್ಕೆ 11 ಲೀಟರ್, ವರ್ಷಕ್ಕೆ 4,015 ಲೀಟರ್. ಲೀಟರಿಗೆ 35 ರೂಪಾಯಿ ಎಂದಿಟ್ಟುಕೊಂಡು ಇಂದು ಲೆಕ್ಕ ಹಾಕಿದರೆ 1,40,525 ರೂಪಾಯಿ. ಸಾಗಣೆಯ ಕೊರತೆ ಕಳೆದು ಉಳಿದ ಹಾಲು ಹಸುವೇ ಇಲ್ಲದ ಇಬ್ಬರು ಸದಸ್ಯರ ಹೆಸರಿಗೆ ಜಮೆಯಾಗುತ್ತಿತ್ತು, ಬಟವಾಡೆಯ ದಿನ ಅದರಲ್ಲೊಂದು ಪಾಲು ನನ್ನ ಕೈಗೂ ಬರುತ್ತಿತ್ತು. ಐವತ್ತು ಮಿಲಿ ಎಂದರೆ ಒಂದು ಲೋಟ ಕಾಫಿಗೆ ಬೇಕಾಗುವ ಹಾಲು. ಅಷ್ಟರಿಂದ ಯಾವ ರೈತನೂ ಮುಳುಗುವುದಿಲ್ಲವೆಂದು ನನಗೆ ನಾನೇ ಹೇಳಿಕೊಂಡು ತೆಗೆದುಕೊಂಡೆ.

ಮರುವರ್ಷ ಕಾರ್ಯದರ್ಶಿಗಳು ಮಗಳ ಮದುವೆಗೆಂದು ಒಂದು ವಾರ ರಜೆ ಹಾಕಿದರು, ಎರಡು ಹೊತ್ತಿನ ಅಳತೆಯೂ ನನ್ನ ಮೇಲೆ ಬಿತ್ತು. ಉಳಿಯುವ ಹಾಲನ್ನು ಯಾವ ದಿನ ಯಾರ ಹೆಸರಿಗೆ ಎಷ್ಟು ಬರೆಯಬೇಕೆಂಬ ಲೆಕ್ಕ ಅವರಿಗೆ ಮಾತ್ರ ಗೊತ್ತಿತ್ತು. ಎಲ್ಲಿ ಸಿಕ್ಕಿಬೀಳುತ್ತೇನೋ ಎಂಬ ಹೆದರಿಕೆಯಿಂದ, ಬೇರೆ ಯಾವ ದೊಡ್ಡ ಯೋಚನೆಯಿಂದಲೂ ಅಲ್ಲ, ಆ ಏಳು ದಿನ ಬಂದ ಹಾಲನ್ನು ಬಂದಷ್ಟೇ ಬರೆದೆ.

ನಮ್ಮ ಬೀದಿಯ ಕೊನೆಯಲ್ಲಿ ಒಂದೇ ಹಸು ಸಾಕಿಕೊಂಡಿದ್ದ ಒಬ್ಬ ಅಜ್ಜಿ ಇದ್ದರು. ದಿನವೂ ಹಾಲು ತರುತ್ತಿದ್ದವನು ಅವರ ಮೊಮ್ಮಗ, ಒಂಬತ್ತು ಹತ್ತು ವರ್ಷದವನು, ಎರಡೂ ಕೈಯಲ್ಲಿ ಸ್ಟೀಲಿನ ಕ್ಯಾನು ಹಿಡಿದುಕೊಂಡು, ಚೆಲ್ಲದಂತೆ ಕಾಲಿಡುತ್ತ ಬರುತ್ತಿದ್ದ. ಆ ವಾರದ ಕೊನೆಯಲ್ಲಿ ಅಜ್ಜಿ ಪಾಸ್‌ಬುಕ್ ಹಿಡಿದುಕೊಂಡು ತಾವೇ ಬಂದು, ಬರೆದದ್ದನ್ನು ಓದಿ ಹೇಳು ಎಂದರು. ನಾನು ಓದಿದೆ. ಅವರ ಮುಖ ಅರಳಿತು. ‘ನೋಡಪ್ಪ, ಮನೇಲಿ ಅಳುದ್ರೆ ಸರ‍್ಯಾಗಿ ಮೂರು ಲೀಟ್ರು ಬರ‍್ತಿತ್ತು, ಇಲ್ಗೆ ಬಂದ್ಮೇಲೆ ಕಮ್ಮಿ ಆಗ್ತಿತ್ತು. ಈ ಹುಡ್ಗ ದಾರೀಲಿ ಬಾಯಿ ಹಾಕ್ತಾನೆ ಅಂತ ಹೋದ್ವಾರ ಸರ‍್ಯಾಗಿ ಬಾರ‍್ಸಿದೀನಿ. ಏಟು ಬಿದ್ದಿದ್ದೇ ತಡ, ಈಗ ತೊಟ್ಟೂ ಕಮ್ಮಿ ಇಲ್ದಂಗೆ ತರ‍್ತಾವ್ನೆ’ ಎಂದರು. ಹುಡುಗ ಪಕ್ಕದಲ್ಲೇ ನಿಂತಿದ್ದ. ಅವನು ನನ್ನನ್ನು ನೋಡಲಿಲ್ಲ, ಖಾಲಿ ಕ್ಯಾನಿನ ಮುಚ್ಚಳವನ್ನು ತಿರುಗಿಸುತ್ತ ನಿಂತಿದ್ದ. ‘ನಾನು ಕುಡಿದಿಲ್ಲ’ ಎಂದು ಅವನು ಎಷ್ಟು ಸಲ ಹೇಳಿದ್ದನೋ. ಹೇಳಿದ್ದು ನಿಜವಾಗಿತ್ತು, ಆದರೆ ನನ್ನ ಕೈಬರಹದ ಪುಸ್ತಕ ಅದನ್ನು ಸುಳ್ಳು ಮಾಡಿತ್ತು, ನಾನು ಸರಿಯಾಗಿ ಅಳೆದ ವಾರವಂತೂ ಅವನನ್ನು ಕಳ್ಳನೆಂದು ಖಾತ್ರಿಪಡಿಸಿತ್ತು.

ಈ ವಿಷಯದಲ್ಲಿ ನನಗೆ ಗೊತ್ತಿರುವುದೆಲ್ಲ ಇಷ್ಟೇ. ಲೆಕ್ಕದ ಪುಸ್ತಕವನ್ನು ಜನ ನಂಬುತ್ತಾರೆ. ಅದರಲ್ಲಿ ಒಂದು ಅಂಕಿ ಸುಳ್ಳಾದರೆ, ಅದಕ್ಕೆ ಹೊಂದಿಕೆಯಾಗದ ಯಾರದೋ ಒಂದು ನಿಜ ಸುಳ್ಳಾಗಿ ಕಾಣಲೇಬೇಕು, ಮತ್ತು ಆ ‘ಯಾರೋ’ ಸಾಮಾನ್ಯವಾಗಿ ತನ್ನ ಪರವಾಗಿ ಮಾತಾಡಲು ಶಕ್ತಿಯಿಲ್ಲದವನೇ ಆಗಿರುತ್ತಾನೆ. ಮೊತ್ತ ಚಿಕ್ಕದಾದಷ್ಟೂ ಇದು ಹೆಚ್ಚು ನಿಜ ಎಂದು ನನಗನ್ನಿಸುತ್ತದೆ, ಏಕೆಂದರೆ ದೊಡ್ಡ ಮೊತ್ತ ಕಾಣೆಯಾದರೆ ತನಿಖೆಯಾಗುತ್ತದೆ, ಚಿಕ್ಕದು ಕಾಣೆಯಾದರೆ ಮನೆಯ ಹುಡುಗನಿಗೆ ಏಟು ಬೀಳುತ್ತದೆ. 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ರೈತರು ಹಾಲಿನ ಸಹಕಾರ ಸಂಘ ಕಟ್ಟಿಕೊಂಡದ್ದು ಮಧ್ಯವರ್ತಿಗಳ ಹಿಡಿತದಿಂದ ತಪ್ಪಿಸಿಕೊಳ್ಳಲು. ಎಲ್ಲರ ಕಣ್ಣೆದುರಿನ ಅಳತೆ, ಎಲ್ಲರಿಗೂ ಒಂದೇ ಪರೀಕ್ಷೆ ಎಂಬುದೇ ಅಲ್ಲಿನ ಆನಂದ್ ಪಟ್ಟಣದ ಹೆಸರು ಪಡೆದ ಆನಂದ್ ಮಾದರಿಯ ಜೀವಾಳ, ಎಪ್ಪತ್ತರ ದಶಕದಲ್ಲಿ ಕರ್ನಾಟಕಕ್ಕೆ ಬಂದದ್ದೂ ಅದೇ ಮಾದರಿ. ಅಂಥ ಸಂಘದ ಅಳತೆಯನ್ನು ಕೈಯಲ್ಲಿ ಹಿಡಿದು ನಾನು ಮಾಡಿದ್ದು ಅದಕ್ಕೆ ನೇರ ವಿರುದ್ಧವಾದದ್ದು ಎಂಬುದು ಇಂದಿಗೂ ನನ್ನನ್ನು ನೋಯಿಸುತ್ತದೆ.

ಈಗ ನಿಮ್ಮ ಪ್ರಶ್ನೆಯ ನಡುವಿನ ಆ ಸಾಲಿಗೆ ಬರುತ್ತೇನೆ. ನಿಮ್ಮ ಜೊತೆಯಲ್ಲೇ ಸೇರಿದ ಇನ್ನೊಬ್ಬರು ಮೊದಲಿನಿಂದಲೂ ಸರಿಯಾದ ಕಿಲೋಮೀಟರನ್ನೇ ಬರೆಯುತ್ತಿದ್ದಾರೆ, ‘ಉಳಿದವರೆಲ್ಲ ಅಷ್ಟು ತಿರುಗುವಾಗ ನೀನೇಕೆ ಬೀಟಿಗೆ (ಸುತ್ತಬೇಕಾದ ಅಂಗಡಿಗಳಿಗೆ) ಸರಿಯಾಗಿ ಹೋಗುತ್ತಿಲ್ಲ’ ಎಂದು ಮ್ಯಾನೇಜರ್ ಕಳೆದ ತಿಂಗಳು ಅವರನ್ನು ಎಲ್ಲರೆದುರು ಕೇಳಿದರು ಎಂದು ಬರೆದಿದ್ದೀರಿ. ಸರಿಯಾಗಿ ಬರೆದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಯಾಗಿ ನೀವು ಅದನ್ನು ಹೇಳಿದ್ದೀರಿ. ನನಗೆ ಅದು ಬೇರೆಯಾಗಿ ಕಾಣುತ್ತದೆ. ಅವರ ನಿಜ ಸುಳ್ಳಾಗಿ ಕಂಡದ್ದು ನೀವು, ನಿಮ್ಮ ಹಿರಿಯರು ಎಲ್ಲ ಸೇರಿ ಬರೆದ ಅಂಕಿಗಳಿಂದ. ನಷ್ಟ ಆಗಿದೆ, ಕಂಪನಿಗಿಂತ ಮೊದಲು, ನಿಮ್ಮ ಪಕ್ಕದ ಕುರ್ಚಿಯವರಿಗೆ ಆಗಿದೆ. ಹಿರಿಯರು ನಿಮಗೆ ಹೇಳಿದ ಮಾತನ್ನೂ ಇದೇ ಬೆಳಕಿನಲ್ಲಿ ನೋಡಿ. ಮದುವೆ ಮುಗಿಸಿ ಬಂದ ನಮ್ಮ ಕಾರ್ಯದರ್ಶಿಗಳು ಆ ವಾರದ ಪುಸ್ತಕ ನೋಡಿ, ‘ನೀನೊಬ್ಬ ಸತ್ಯಹರಿಶ್ಚಂದ್ರನಾಗಿ ನನ್ನನ್ನು ಕಳ್ಳನನ್ನಾಗಿ ಮಾಡುತ್ತೀಯಾ’ ಎಂದು ಕೂಗಾಡಿದರು. ಅವರ ಸಿಟ್ಟು ನನಗೆ ಅರ್ಥವಾಗಿತ್ತು, ಆದರೆ ಅವರನ್ನು ಹಾಗೆ ಮಾಡಿದ್ದು ನಾನಲ್ಲ.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ. ನೌಕರನಾದವನು ಮೋಸದ ಉದ್ದೇಶದಿಂದ ಸಂಸ್ಥೆಯ ಲೆಕ್ಕದಲ್ಲಿ ಸುಳ್ಳು ಬರೆಯುವುದು ಭಾರತೀಯ ನ್ಯಾಯ ಸಂಹಿತೆಯ 344ನೇ ಕಲಮಿನಡಿ ಅಪರಾಧ. ಹಿಂದಿನ ದಂಡ ಸಂಹಿತೆಯಲ್ಲಿ ಇದು 477ಎ ಆಗಿತ್ತು. ಪ್ರಯಾಣಭತ್ಯೆಯ ಹತ್ತಿಪ್ಪತ್ತು ಕಿಲೋಮೀಟರಿಗೆ ಯಾರೂ ಪೊಲೀಸ್ ಠಾಣೆಗೆ ಓಡುವುದಿಲ್ಲವೆಂಬುದು ನಿಜ. ಆದರೆ ಯಾರನ್ನಾದರೂ ಹೊರಗೆ ಹಾಕಬೇಕೆಂದು ಮೇಲಿನವರಿಗೆ ಅನ್ನಿಸಿದ ದಿನ ಹಳೆಯ ಬಿಲ್ಲುಗಳ ಕಟ್ಟು ಹೊರಗೆ ಬರುತ್ತದೆ. ಆಗ ‘ಎಲ್ಲರೂ ಬರೆಯುತ್ತಿದ್ದರು’ ಎಂಬ ನಿಮ್ಮ ಮಾತಿಗೆ ಸಾಕ್ಷಿ ಹೇಳಲು ಇಂದು ಉಪದೇಶಿಸುತ್ತಿರುವ ಹಿರಿಯರಲ್ಲಿ ಒಬ್ಬರೂ ಸಿಗುವುದಿಲ್ಲ.

ಏನು ಮಾಡಬೇಕೆಂದರೆ, ನಾಳೆಯಿಂದ ಬೈಕಿನ ಮೀಟರ್ ರೀಡಿಂಗನ್ನು ಬೆಳಿಗ್ಗೆ ಹೊರಡುವಾಗ ಒಮ್ಮೆ, ಸಂಜೆ ಬಂದಾಗ ಒಮ್ಮೆ ಫೋಟೋ ತೆಗೆದಿಟ್ಟುಕೊಳ್ಳಿ, ಬಿಲ್ಲಿನಲ್ಲಿ ಅದನ್ನೇ ಬರೆಯಿರಿ. ಬಿಲ್ಲು ಕೊಡುವ ಮೊದಲೇ ಹಿರಿಯರಿಗೆ ಮುಖಾಮುಖಿ ತಿಳಿಸಿ: ಇನ್ನು ಮುಂದೆ ನಾನು ಓಡಿಸಿದಷ್ಟನ್ನೇ ಬರೆಯುತ್ತೇನೆ, ನಿಮ್ಮ ಬಿಲ್ಲಿನ ವಿಷಯ ನಾನಾಗಿ ಯಾರ ಹತ್ತಿರವೂ ಎತ್ತುವುದಿಲ್ಲ, ಕೇಳಿದರೆ ಮಾತ್ರ ಸುಳ್ಳು ಹೇಳಲಾರೆ. ಕೆಲವು ದಿನ ಅವರು ನಿಮ್ಮೊಡನೆ ಟೀಗೆ ಬರದೇ ಇರಬಹುದು. ನಮ್ಮ ಕಾರ್ಯದರ್ಶಿಗಳು ನನ್ನೊಡನೆ ಎರಡು ತಿಂಗಳು ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಅದು ಕಷ್ಟವೇ, ಚಿಕ್ಕ ಕಚೇರಿಯಲ್ಲಿ ಇನ್ನೂ ಕಷ್ಟ.

ಹೆಚ್ಚು ಬರೆಯುವುದರ ಹಿಂದೆ ನಿಜವಾದ ಕೊರತೆಯೊಂದು ಇದ್ದರೆ ಅದನ್ನು ಹುಡುಕಿ. ಪೆಟ್ರೋಲ್ ಬೆಲೆ ಏರಿ ಕಿಲೋಮೀಟರಿನ ದರ ಹಾಗೇ ಉಳಿದಿದ್ದರೆ, ಟೈರು, ಸರ್ವೀಸು ಎಲ್ಲ ನಿಮ್ಮ ಜೇಬಿನಿಂದಲೇ ಹೋಗುತ್ತಿದ್ದರೆ, ಅದಕ್ಕೆ ಸರಿಯಾದ ದಾರಿ ದರ ಹೆಚ್ಚಿಸಿ ಎಂದು ಲೆಕ್ಕ ಸಮೇತ ಬರೆದು ಕೇಳುವುದು, ಸಾಧ್ಯವಾದರೆ ಆ ಹಿರಿಯರ ಸಹಿಯನ್ನೂ ಹಾಕಿಸಿ ಕೇಳುವುದು. ನಮ್ಮ ಸಂಘದಲ್ಲಿ ಕೊನೆಗೆ ಉಪಯೋಗಕ್ಕೆ ಬಂದದ್ದು ಇದೇ. ದಿನಕ್ಕೆ ಎರಡು ಮೂರು ಲೀಟರಿನ ಸಾಗಣೆ ನಷ್ಟವನ್ನು ನಷ್ಟವೆಂದೇ ಬರೆದು ಖರ್ಚಿಗೆ ಹಾಕೋಣವೆಂದು ನಾನು ಆಡಳಿತ ಮಂಡಳಿಯ ಸಭೆಯಲ್ಲಿ ಕೇಳಿದೆ. ಎರಡು ಸಭೆಗಳಲ್ಲಿ ತಳ್ಳಿಹಾಕಿದರು, ಮೂರನೆಯದರಲ್ಲಿ ಒಪ್ಪಿದರು. ಆಮೇಲೆ ನೊರೆಯ ನೆಪ ಹೇಳುವುದು ಕಾರ್ಯದರ್ಶಿಗಳಿಗೂ ಬೇಕಾಗಲಿಲ್ಲ.

ಮೂರು ತಿಂಗಳಲ್ಲಿ ಹೆಚ್ಚು ಪಡೆದ ಹಣವನ್ನು ಮುಂದಿನ ಬಿಲ್ಲುಗಳಲ್ಲಿ ಕಿಲೋಮೀಟರ್ ಕಡಿಮೆ ಬರೆದು ಸರಿದೂಗಿಸಲು ಹೋಗಬೇಡಿ, ಅದೂ ಇನ್ನೊಂದು ಸುಳ್ಳು ಅಂಕಿಯೇ. ಲೆಕ್ಕ ವಿಭಾಗಕ್ಕೆ ಹೋಗಿ, ನನ್ನ ಬಿಲ್ಲಿನಲ್ಲಿ ಇಷ್ಟು ಕಿಲೋಮೀಟರ್ ಹೆಚ್ಚಾಗಿ ಬರೆದಿದ್ದೇನೆ, ಈ ತಿಂಗಳ ಸಂಬಳದಲ್ಲಿ ಮುರಿದುಕೊಳ್ಳಿ ಎಂದು ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಇದರಲ್ಲಿ ಅಪಾಯವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಮೂರು ತಿಂಗಳಿನದನ್ನು ಹೇಳುವುದಕ್ಕಿಂತ ಮೂರು ವರ್ಷದ್ದನ್ನು ಹೇಳುವುದು ಬಹಳ ಕಷ್ಟ.

ಇದೆಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸವೊಂದಿದೆ. ಆ ಸಹೋದ್ಯೋಗಿಯ ಹತ್ತಿರ ಹೋಗಿ, ನಿಮ್ಮ ಅಂಕಿ ಸರಿಯಾಗಿತ್ತು, ನನ್ನದು ತಪ್ಪಾಗಿತ್ತು ಎಂದು ಹೇಳಿ. ಮ್ಯಾನೇಜರ್ ಮತ್ತೆ ಅವರನ್ನು ಕೇಳಿದರೆ ಅದೇ ಮಾತನ್ನು ಅಲ್ಲಿಯೂ ಹೇಳಿ. ಅಜ್ಜಿಯ ಮನೆಗೆ ಹೋಗಲು ನನಗೆ ಹನ್ನೊಂದು ದಿನ ಬೇಕಾಯಿತು. ಅವರು ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ನನ್ನನ್ನು ಬೈಯದೆ, ‘ನನ್ಗೆ ಹೇಳಿ ಏನಪ್ಪ ಪ್ರಯೋಜ್ನ, ಹುಡ್ಗ ಕೆರೆತಾವ ಅವ್ನೆ, ಅವ್ನಿಗೆ ಹೇಳೋಗು’ ಎಂದರು. ಕೆರೆ ಏರಿಯ ಮೇಲೆ ಹಸು ಮೇಯಿಸುತ್ತಿದ್ದ ಅವನ ಪಕ್ಕ ಕೂತು ಹೇಳಿದೆ. ಎಲ್ಲ ಕೇಳಿಸಿಕೊಂಡ ಮೇಲೆ ಅವನು ಒಂದೇ ಒಂದು ಪ್ರಶ್ನೆ ಕೇಳಿದ: ‘ಅಜ್ಜಿಗೆ ಹೇಳಿದ್ರಾ?’