ದನಿ ನಕಲಾದರೂ ದೂರು ಕೊಡಿ
ಬ್ರಹ್ಮಾವರದ ನಿಮ್ಮ ಅಮ್ಮನಿಗೆ ಎಐ ನಕಲು ಮಾಡಿದ ನಿಮ್ಮದೇ ದನಿಯಲ್ಲಿ ಕರೆ ಬಂತು, 40,000 ರೂಪಾಯಿ ಹೋಯ್ತು, ಎಐಗೆ ಕಾನೂನೇ ಇಲ್ಲದ ಮೇಲೆ ದೂರು ಯಾಕೆ ಅಂತ ಕೇಳಿದ್ದೀರಿ. ಕೊಡಲೇಬೇಕು ಮಾರಾಯ್ರೇ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಈಗಲೇ. ಹಣ ಇನ್ನೂ ವಂಚಕರ ಖಾತೆಯಲ್ಲೇ ಇದ್ದರೆ ತಡೆಹಿಡಿಯಬಹುದು. ಆಮೇಲೆ ಉಡುಪಿಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ.

ಎಐಗೆಂದೇ ಕಾಯ್ದೆ ಇಲ್ಲ, ನಿಜ. ಆದರೆ ಕಂಪ್ಯೂಟರ್ ಬಳಸಿ ಬೇರೆಯವರ ಸೋಗಿನಲ್ಲಿ ವಂಚಿಸಿದರೆ ಐಟಿ ಕಾಯ್ದೆಯ 66ಡಿ ಪ್ರಕಾರ 3 ವರ್ಷದವರೆಗೆ ಜೈಲು. ಕಷ್ಟ ಇರುವುದು ಸಾಕ್ಷ್ಯದಲ್ಲಿ. ಆ ದನಿ ನಿಮ್ಮದಲ್ಲ ಅಂತ ತೋರಿಸಬೇಕಲ್ವಾ? ರೆಕಾರ್ಡಿಂಗ್ ಇದ್ದರೆ ಅಮ್ಮನ ಫೋನಿನಿಂದ ಅಳಿಸಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನಂತೆ, ಅದನ್ನು ಕೋರ್ಟಿಗೆ ಕೊಡುವಾಗ ಫೈಲಿನ ಹ್ಯಾಶ್ (ಫೈಲ್ ಬದಲಾಗಿಲ್ಲ ಅಂತ ತೋರಿಸುವ ಅಂಕಿ-ಅಕ್ಷರಗಳ ಗುರುತು) ಇರುವ ಸರ್ಟಿಫಿಕೇಟ್ ಬೇಕಾಗುತ್ತದೆ.

ಅಮ್ಮನಿಗೆ ದಯವಿಟ್ಟು ಬೈಯಬೇಡಿ. ನನ್ನ ಚಿಕ್ಕಮ್ಮನಿಗೂ ಹೀಗೇ ಆಗಿತ್ತು. ಮಗ ‘ಅಮ್ಮಾ’ ಅಂತ ಎಳೆಯುವ ರಾಗವೂ ಹಾಗೇ ಇತ್ತಂತೆ.