ಆ ಡಬ್ಬಿಯ ಅಕ್ಕಿಯಿಂದ ಶುರು ಮಾಡಿ

ಪ್ರಿಯ ಲೇಖಕಿಯವರೇ,

ನಮಸ್ಕಾರ. ‘ದಿನನಿತ್ಯದ ಬದುಕಿನಲ್ಲಿ ತಪಸ್ಸುಕಾಲ’ ಎಂಬ, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳ ಕುರಿತ ನಿಮ್ಮ ಬರಹವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಇದನ್ನು ಕೈಬಿಡಬೇಡಿ. ತಿದ್ದಿ ಬರೆದು ಮತ್ತೆ ಕಳಿಸಿ.

ಮೊದಲ ನಾಲ್ಕು ಪುಟಗಳಲ್ಲಿ ಪಶ್ಚಾತ್ತಾಪ, ಮನಪರಿವರ್ತನೆ, ತ್ಯಾಗ ಇವೇ ಮಾತುಗಳು ಬಂದಿವೆ. ಯಾವುದೂ ತಪ್ಪಲ್ಲ. ಆದರೆ ಯಾರು ಏನು ಬಿಟ್ಟರು, ಬಿಟ್ಟಾಗ ಏನಾಯಿತು ಅನ್ನುವುದು ಎಲ್ಲೂ ಇಲ್ಲ. ನಮ್ಮ ಓದುಗರು ಇಷ್ಟನ್ನು ಪ್ರತಿ ವರ್ಷ ಫಾದರ್ ಕೊಡುವ ಪ್ರಬೋಧನೆಯಲ್ಲೇ ಕೇಳಿರುತ್ತಾರೆ.

ಐದನೇ ಪುಟದಲ್ಲಿ ಒಂದು ವಾಕ್ಯವಿದೆ: ‘ಎಪ್ಪತ್ತು ದಾಟಿದ ಮೇಲೂ ಅಮ್ಮ ತಪಸ್ಸುಕಾಲದಲ್ಲಿ ದಿನಾ ಅನ್ನಕ್ಕಿಡುವ ಮುಂಚೆ ಒಂದು ಹಿಡಿ ಅಕ್ಕಿ ಡಬ್ಬಿಗೆ ಹಾಕುತ್ತಿದ್ದಳು.’ ಅಷ್ಟೇ. ಮುಂದಿನ ಸಾಲಿಗೇ ತ್ಯಾಗದ ಮಹಿಮೆಗೆ ಹೋಗಿಬಿಟ್ಟಿರಿ. ನಾನು ಅಲ್ಲೇ ನಿಂತೆ. ಆ ಹಿಡಿ ಅಕ್ಕಿ ಅನ್ನಕ್ಕೆ ಅಳೆದದ್ದರಿಂದ ತೆಗೆದದ್ದೋ, ಮೂಟೆಯಿಂದ ಬೇರೆಯಾಗಿ ತೆಗೆದದ್ದೋ? ಅಳೆದದ್ದರಿಂದ ತೆಗೆದಿದ್ದರೆ ಅವತ್ತು ಮನೆಯಲ್ಲಿ ಯಾರಿಗೋ ಎರಡು ತುತ್ತು ಕಮ್ಮಿ ಬಿದ್ದಿರುತ್ತದೆ. ಯಾರಿಗೆ? ಡಬ್ಬಿ ತುಂಬಿದ ಮೇಲೆ ಅಕ್ಕಿ ಯಾರ ಮನೆಗೆ ಹೋಗುತ್ತಿತ್ತು? ಕೊಟ್ಟು ಬರಲು ನಿಮ್ಮನ್ನೇ ಕಳಿಸುತ್ತಿದ್ದರಾ?

ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ. ಪ್ರಾರ್ಥನೆ, ಉಪವಾಸ, ದಾನ ಎಂದು ನೀವು ಮೂರು ಉಪಶೀರ್ಷಿಕೆ ಕೊಟ್ಟಿದ್ದೀರಿ. ನಿಮ್ಮ ತಾಯಿಯ ಕೈಯಲ್ಲಿ ಉಪವಾಸವೂ ದಾನವೂ ಒಂದೇ ಹಿಡಿಯಲ್ಲಿದ್ದವು. ಉಣ್ಣದೆ ಉಳಿಸಿದ್ದು ಬಡವರ ಊಟವಾಗಬೇಕು ಎಂದು 5ನೇ ಶತಮಾನದಲ್ಲಿ ಪೋಪ್ ಮಹಾ ಲಿಯೋ ಬೋಧಿಸಿದ್ದು ಇದನ್ನೇ. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಕಳೆದು ಬರುವ ಶುಕ್ರವಾರ ಚರ್ಚಿನಲ್ಲಿ ಓದುವ, ಬೈಬಲಿನ ಪ್ರವಾದಿ ಯೆಶಾಯನ 58ನೇ ಅಧ್ಯಾಯದ ಒತ್ತಾಯವೂ ಇದೇ: ಹಸಿದವರೊಡನೆ ಅನ್ನ ಹಂಚಿಕೊಳ್ಳುವುದೇ ದೇವರಿಗೆ ಬೇಕಾದ ಉಪವಾಸ. ಇನ್ನೊಂದು ಮಾತು. ಕಥೋಲಿಕರಿಗೆ ಕಡ್ಡಾಯ ಉಪವಾಸವಿರುವುದು ಬೂದಿ ಬುಧವಾರ ಮತ್ತು ಶುಭ ಶುಕ್ರವಾರ (ಗುಡ್ ಫ್ರೈಡೇ) ಎರಡೇ ದಿನ. ಅದೂ 18ರಿಂದ 59ರ ವಯಸ್ಸಿನವರಿಗೆ. ಎಪ್ಪತ್ತು ದಾಟಿದ ನಿಮ್ಮ ತಾಯಿಗೆ ಆ ನಿಯಮ ಲಾಗೂ ಆಗುತ್ತಲೇ ಇರಲಿಲ್ಲ. ಆದರೂ ಹಾಕುತ್ತಿದ್ದರು. ಇಷ್ಟು ದೊಡ್ಡ ವಿಷಯವನ್ನು ಒಂದೇ ಸಾಲಿನಲ್ಲಿ ಮುಗಿಸಬಹುದಾ?

ಇನ್ನು ಬೂದಿ ಬುಧವಾರ ಹಣೆಗೆ ಹಚ್ಚುವ ಬೂದಿಯ ಭಾಗ. ಚರ್ಚಿನಲ್ಲಿ ಬಲಿಪೂಜೆ ಮುಗಿಸಿ ಆಫೀಸಿಗೆ ಹೊರಟಾಗ ಬಸ್ ಸ್ಟಾಪಿನಲ್ಲೇ ಹಣೆಯ ಬೂದಿ ಒರೆಸಿಕೊಂಡೆ ಎಂದು ಬರೆದಿದ್ದೀರಿ. ಉಪವಾಸ ಜನರಿಗೆ ಕಾಣುವ ಹಾಗೆ ಇರಬಾರದು ಎನ್ನುವ ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯವನ್ನು ಅದಕ್ಕೆ ಕಾರಣ ಕೊಟ್ಟಿದ್ದೀರಿ. ಆದರೆ ಆ ಶುಭಸಂದೇಶ ಓದುವುದು ಬೂದಿ ಹಚ್ಚುವ ದಿನವೇ ಅಲ್ವಾ? ಅದನ್ನು ಕೇಳಿದ ಮೇಲೇ ಎದ್ದು ಹೋಗಿ, ಎಲ್ಲರೆದುರು ಹಣೆಯೊಡ್ಡುತ್ತೇವೆ. ಈ ಇಕ್ಕಟ್ಟು ನಿಜವಾದದ್ದು, ಅದನ್ನು ಹಾರಿಸಬೇಡಿ. ನೀವು ಒರೆಸಿದ್ದು ತೋರಿಕೆ ಬೇಡ ಎಂದೋ, ಯಾರಾದರೂ ಕೇಳಿದರೆ ಏನು ಹೇಳಲಿ ಎಂಬ ಮುಜುಗರಕ್ಕೋ? ಮುಜುಗರಕ್ಕಾದರೆ ಹಾಗೇ ಬರೆಯಿರಿ. ನಾನೂ ಹಾಗೆ ಒರೆಸಿಕೊಂಡಿದ್ದೇನೆ. ಆ ದಿನ ಸಂಜೆಯವರೆಗೂ ಅದು ನನ್ನನ್ನು ಕಾಡಿತ್ತು. ಬೈಬಲ್ ವಚನ ಹೇಳಿ ಸಮಾಧಾನ ಮಾಡಿದ್ದರೆ ನನಗೆ ಸಮಾಧಾನ ಆಗುತ್ತಿರಲಿಲ್ಲ.

ಒಂದು ತಿದ್ದುಪಡಿ: ಬೂದಿ ಬುಧವಾರದಿಂದ ಪಾಸ್ಖ (ಈಸ್ಟರ್) ಹಬ್ಬದ ಹಿಂದಿನ ದಿನದವರೆಗೆ ಎಣಿಸಿದರೆ 40 ಅಲ್ಲ, 46 ದಿನ. ನಡುವೆ ಬರುವ ಆರು ಭಾನುವಾರಗಳನ್ನು ಉಪವಾಸದ ಲೆಕ್ಕಕ್ಕೆ ಹಿಡಿಯುವುದಿಲ್ಲ; ಅದಕ್ಕೇ 40 ಎನ್ನುತ್ತಾರೆ.

ಎರಡು ಪುಟ ಸಾಕು. ಜಾಸ್ತಿ ಬೇಡ. ವಚನಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಿ. ಡಬ್ಬಿ ಯಾವುದಾಗಿತ್ತು, ಬಿಸ್ಕತ್ತಿನದೋ, ಹಾಲಿನ ಪುಡಿಯದೋ, ಅದನ್ನೂ ಬರೆಯಿರಿ. ಪಾಸ್ಖಕ್ಕೆ ಒಂದು ವಾರ ಮುಂಚಿನ ಗರಿಗಳ ಭಾನುವಾರಕ್ಕೆ ಬರುವ ಸಂಚಿಕೆಯಲ್ಲಿ ನಿಮಗಾಗಿ ಜಾಗ ಇಟ್ಟಿರುತ್ತೇನೆ. ಅದಕ್ಕೆ ಹತ್ತು ದಿನ ಮೊದಲು ನನಗೆ ತಲುಪಬೇಕು.

ಇಂತಿ,
ಸಂಪಾದಕ